ಡೊಂಬಿವಲಿಯಲ್ಲಿ ಮೂರೇ ಸೆಕೆಂಡು ನಿಲ್ಲುವ ಗಾಡಿ

ನೀವು ನಂಬುವುದಿಲ್ಲ, ಗೊತ್ತು. ನಾನಾಗಿದ್ದರೂ ನಂಬುತ್ತಿರಲಿಲ್ಲ. ಆದರೆ ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ಮಧ್ಯಾಹ್ನ ಸುಮಾರು ಇಪ್ಪತ್ತು ನಿಮಿಷ ಇಡೀ ಡೊಂಬಿವಲಿಯಲ್ಲಿ ನಾನೊಬ್ಬಳೇ ಇದ್ದೆ. ಮಿಕ್ಕವರನ್ನೆಲ್ಲ ದೇವರು ಮೇಲಕ್ಕೆ ಕರೆದುಕೊಂಡಿದ್ದ. ಪಕ್ಕದ ಮನೆಯ ಆಂಟಿಯನ್ನು ಕೂಡ. ಅವರು ಕ್ರೈಸ್ತರೇ ಅಲ್ಲ, ಏಕಾದಶಿಗೆ ನೀರು ಸಹ ಮುಟ್ಟದ ಉಡುಪಿಯವರು. ನನ್ನನ್ನು ಬಿಟ್ಟು ಅವರನ್ನು ಆರಿಸಿದ್ದು ಈಗಲೂ ನನಗೆ ಜೀರ್ಣವಾಗಿಲ್ಲ.

ನಮ್ಮ ಮನೆ ಡೊಂಬಿವಲಿಗೂ ಠಾಕುರ್ಲಿಗೂ ನಡುವೆ, ಹಳಿಗೆ ಎಷ್ಟು ಹತ್ತಿರವೆಂದರೆ ಅಡುಗೆಮನೆಯ ಕಿಟಕಿಯಿಂದ ಕೈ ಚಾಚಿದರೆ ಗಾಡಿಯೊಳಗಿನವರ ಡಬ್ಬಿಯಿಂದ ಚಪಾತಿ ತೆಗೆಯಬಹುದು. ಸರಿ, ಅಷ್ಟು ಹತ್ತಿರವಲ್ಲ. ಆದರೆ ಗಾಡಿ ಹೋದಾಗಲೆಲ್ಲ ಕಪಾಟಿನ ಸ್ಟೀಲ್ ಲೋಟಗಳು ಒಂದಕ್ಕೊಂದು ಏನೋ ಪಿಸುಗುಡುತ್ತಿದ್ದವು. ಅಪ್ಪ ಠಾಣೆಯ ಆಫೀಸಿಗೆ ಹೋಗುತ್ತಿದ್ದರು. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಹಾಗಾಗಿ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ, ಒಳಗೆ ಮನುಷ್ಯರಿಲ್ಲದ ಬಟ್ಟೆಗಳೇ ಹೆಚ್ಚು. ಬಾಗಿಲ ಹಿಂದೆ ಯಾರದೋ ರವಿಕೆ, ಕುರ್ಚಿಯ ಮೇಲೆ ಯಾರದೋ ಕುರ್ತಾ, ಫ್ಯಾನ್ ಹಾಕಿದರೆ ಎಲ್ಲದಕ್ಕೂ ಉಸಿರು ಬರುತ್ತಿತ್ತು. ನಾಲ್ಕನೆಯವಳು ನನ್ನ ತಂಗಿ. ಎಂಟು ವರ್ಷ, ಮುಂದಿನ ಎರಡು ಹಲ್ಲು ಇಲ್ಲ, ಯಾರು ಏನು ಹೇಳಿದರೂ ನಂಬುವ ಕಾಯಿಲೆ.

ಆ ವರ್ಷ ಮಳೆ ಮುಗಿದ ಮೇಲೆ ಕಲ್ಯಾಣದ ನಮ್ಮ ಕನ್ನಡ ಚರ್ಚಿನ ಸಭೆಗೆ ಊರ ಕಡೆಯಿಂದ ಒಬ್ಬ ಪಾಸ್ಟರು ಬಂದು ಮೂರು ಸಂಜೆ ಅಂತ್ಯಕಾಲದ ಗುರುತುಗಳ ಬಗ್ಗೆ ಪ್ರಸಂಗ ಮಾಡಿದರು. ಯುದ್ಧ, ಭೂಕಂಪ, ಬರ. ಜನರ ಪ್ರೀತಿ ತಣ್ಣಗಾಗುವುದು. ಆಮೇಲೆ ಒಂದು ದಿನ ಕಹಳೆ ಊದುತ್ತದೆ, ಯೇಸು ಮೇಘಗಳಲ್ಲಿ ಬರುತ್ತಾನೆ, ನಂಬಿದವರು ಕಣ್ಣು ಮಿಟುಕಿಸುವುದರೊಳಗೆ ಎತ್ತಲ್ಪಡುತ್ತಾರೆ. ಉಟ್ಟ ಬಟ್ಟೆ ಇದ್ದಲ್ಲೇ ಉಳಿಯುತ್ತದೆ. ಪಾಸ್ಟರು ಇದನ್ನು ಮೆಲ್ಲಗೆ, ಮಗುವನ್ನು ತಟ್ಟಿ ಮಲಗಿಸುವವರ ಹಾಗೆ ಹೇಳುತ್ತಿದ್ದರು. ದೊಡ್ಡವರು ಕಣ್ಣು ಮುಚ್ಚಿ ಹೂಂಗುಟ್ಟುತ್ತಿದ್ದರು. ನಾನು ಕಣ್ಣು ತೆರೆದುಕೊಂಡು, ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡೆ. ಇಷ್ಟು ಒಳ್ಳೆಯ ಮಾಲು ಕೈಗೆ ಸಿಗುವುದು ಅಪರೂಪ.

ನನ್ನ ಸ್ವಂತ ಸಭೆ ನಡೆಯುತ್ತಿದ್ದುದು ನಮ್ಮ ಕಟ್ಟಡದ ಟೆರೇಸಿನಲ್ಲಿ. ಅಲ್ಲಿಗೆ ಹೋಗಬಾರದೆಂದು ಸೊಸೈಟಿಯವರು ಬಾಗಿಲಿಗೆ ಬೀಗ ಹಾಕಿದ್ದರು. ಆದರೆ ಚೌಕಟ್ಟಿನ ಕೊಂಡಿ ಸಡಿಲವಾಗಿತ್ತು. ಬಾಗಿಲನ್ನು ಸ್ವಲ್ಪ ಎತ್ತಿ ತಳ್ಳಿದರೆ ಬೀಗ ಸಮೇತ ತೆರೆಯುತ್ತಿತ್ತು, ಎಳೆದುಕೊಂಡರೆ ಮತ್ತೆ ಬೀಗ ಹಾಕಿದಂತೆಯೇ ಕಾಣುತ್ತಿತ್ತು. ಈ ಗುಟ್ಟು ಗೊತ್ತಿದ್ದದ್ದು ನನಗೆ ಮತ್ತು ತಂಗಿಗೆ ಮಾತ್ರ. ಕಟ್ಟಡದ ಉಳಿದ ಮಕ್ಕಳು ನನ್ನ ಹತ್ತಿರ ಕೀಲಿ ಇದೆ ಎಂದುಕೊಂಡಿದ್ದರು. ಯಾಕೆಂದರೆ ಹಾಗೆಂದು ಹೇಳಿದ್ದು ನಾನೇ.

ಅಲ್ಲಿ ನೀರಿನ ಟ್ಯಾಂಕಿಗೆ ಒರಗಿ ನಿಂತು ನಾನು ಗುರುತುಗಳನ್ನು ತೋರಿಸುತ್ತಿದ್ದೆ. ಕಟ್ಟಡದ ಹಿಂದೆ ಬಣ್ಣದ ಫ್ಯಾಕ್ಟರಿಗಳ ನೀರು ಬರುವ ನಾಲಾ ಇತ್ತು. ಒಂದು ದಿನ ಅದು ಕೆಂಪಾಗಿ, ಸಂಜೆಯ ಬಿಸಿಲಿಗೆ ಉದ್ದನೆಯ ರೇಷ್ಮೆ ಬಟ್ಟೆ ಬಿಚ್ಚಿಟ್ಟಂತೆ ಹೊಳೆಯುತ್ತಿತ್ತು. "ನೋಡಿ, ರಕ್ತ!" ಎಂದೆ. ಒಬ್ಬ ಅಳತೊಡಗಿದ. ನನಗೆ ಅಂಥ ಸಂತೋಷ ಮೊದಲು ಆಗಿರಲಿಲ್ಲ. ಮರುದಿನ ನಾಲಾ ಹಸಿರಾಯಿತು. ಹಸಿರಿಗೆ ಏನು ಅರ್ಥ ಎಂದು ಪಾಸ್ಟರು ಹೇಳಿರಲಿಲ್ಲ, ಹಾಗಾಗಿ ಸಭೆಗೆ ರಜೆ ಕೊಟ್ಟೆ. ಪ್ರೀತಿ ತಣ್ಣಗಾಗುವ ಗುರುತನ್ನು ಮಾತ್ರ ಪಟ್ಟಿಯಿಂದ ಕೈಬಿಟ್ಟಿದ್ದೆ. ಅದು ಟೆರೇಸಿನಿಂದ ಕಾಣುವುದಿಲ್ಲ.

ಪಕ್ಕದ ಮನೆಯ ಆಂಟಿ ಮೆಟ್ಟಿಲಲ್ಲಿ ನನ್ನನ್ನು ಹಿಡಿದು ನಕ್ಕರು. "ಎಂತ ಮಾರಾಯ್ತಿ, ಲೋಕ ಮುಗೀತದಂತೆ? ನಮ್ಮ ಕಲ್ಕಿಯೂ ಬರ್ಲಿಕ್ಕುಂಟು, ಕುದುರೆ ಮೇಲೆ. ಸ್ಟೇಷನ್ ರೋಡಲ್ಲಿ ಆ ರಿಕ್ಷಾದವರು ಅವನಿಗೆ ದಾರಿ ಬಿಡ್ತಾರಾ ಹೇಳು? ನಿಮ್ಮವ ಮೇಲಿಂದ ಬರ್ತಾನೆ, ಬಚಾವ್."

ಎಲ್ಲರಿಗೂ ಅರ್ಥವಾಗಲಿ ಎಂದು ನಾನು ಎತ್ತಲ್ಪಡುವುದನ್ನು ಲೋಕಲ್ ಗಾಡಿಯ ಲೆಕ್ಕದಲ್ಲಿ ವಿವರಿಸುತ್ತಿದ್ದೆ. "ಅದು ಡಬಲ್ ಫಾಸ್ಟ್, ಎಲ್ಲ ಸ್ಟೇಷನ್ನಲ್ಲೂ ನಿಲ್ಲಲ್ಲ. ಡೊಂಬಿವಲಿಯಲ್ಲಿ ಮೂರೇ ಸೆಕೆಂಡು ನಿಲ್ಲುತ್ತೆ. ಲೇಡೀಸ್ ಡಬ್ಬ ಎಲ್ಲಿ ಬರುತ್ತೆ ಅಂತ ಮೊದಲೇ ಗೊತ್ತಿರಬೇಕು. ಪಾಸ್ ಇದ್ದವರಿಗೆ ಮಾತ್ರ. ಹತ್ತಿದವರು ಹತ್ತಿದರು, ಬಿಟ್ಟವರು ಬಿಟ್ಟರು. ಹಿಂದಿನಿಂದ ಇನ್ನೊಂದು ಗಾಡಿ ಇಲ್ಲ."

ತಂಗಿ ಕೈ ಎತ್ತಿದಳು. "ಅಕ್ಕಾ, ನನ್ನ ಹತ್ರ ಪಾಸ್ ಉಂಟಾ?"

ಏಳು ಮಕ್ಕಳು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಉಂಟು ಎಂದರೆ ಯಾರು ನಗುತ್ತಾರೆ? "ನಿನ್ನದು ಅರ್ಧ ಟಿಕೆಟ್ ಅಲ್ವಾ? ಈ ಗಾಡೀಲಿ ಅರ್ಧ ಟಿಕೆಟ್ ಚಲ್ತಾ ನಹೀ. ಟೀಸಿ ನಿನ್ನ ಕಿವಿ ಹಿಡಿದು ಮುಂಬ್ರಾದಲ್ಲಿ ಇಳಿಸ್ತಾನೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳು ನಗಲಿಲ್ಲ. ಆ ರಾತ್ರಿ ಊಟದಲ್ಲಿ ಅಪ್ಪನನ್ನು ಒಂದೇ ಒಂದು ಪ್ರಶ್ನೆ ಕೇಳಿದಳು. "ಪಪ್ಪಾ, ನಿಮಗೆ ಬೆಳಿಗ್ಗೆ ಸೀಟು ಹೇಗೆ ಸಿಗ್ತದೆ?"

"ಉಲ್ಟಾ ಹೋಗೂದು ಮಗಾ," ಎಂದರು ಅಪ್ಪ. "ಇಲ್ಲಿ ಹತ್ತಿದ್ರೆ ನಿಲ್ಲಲಿಕ್ಕೂ ಜಾಗ ಇಲ್ಲ. ಅದಕ್ಕೆ ಮೊದಲು ಕಲ್ಯಾಣಕ್ಕೆ ಹೋಗಿ, ಗಾಡಿ ಹೊರಡುವಲ್ಲಿಂದ್ಲೇ ಕೂತ್ಕೊಂಡು ಬರೂದು. ಗೆಳೆಯರು ಬರೂದಿದ್ರೆ ಸೀಟಿಗೆ ರುಮಾಲು ಹಾಕಿ ಇಡೂದು. ರುಮಾಲು ಇದ್ರೆ ಯಾರೂ ಮುಟ್ಟೂದಿಲ್ಲ."

ಅವಳು ಇದನ್ನು ಬಹಳ ಹೊತ್ತು ಅಗಿದಳು. ಮರುದಿನದಿಂದ ಮಧ್ಯಾಹ್ನ ಅಮ್ಮ ಮಲಗಿದಾಗ ಅಮ್ಮನ ನೈಟಿಯ ತುದಿಗೆ ತನ್ನ ಜಡೆಯ ರಿಬ್ಬನ್ ಗಂಟು ಹಾಕತೊಡಗಿದಳು. ಅಮ್ಮ ಎದ್ದಾಗ ಇಬ್ಬರೂ ಬಿದ್ದರು. "ಎಂತದು ನಿಂದು ಕಿತಾಪತಿ?" ಎಂದು ಅಮ್ಮ ಬೈದಳು. ತಂಗಿ ಬಾಯಿ ಬಿಡಲಿಲ್ಲ. ಅಮ್ಮನ ಜೊತೆ ತಾನೂ ಎತ್ತಲ್ಪಡಲೆಂದು ಅವಳು ಹೀಗೆ ಮಾಡಿದ್ದೆಂದು ನನಗೆ ಗೊತ್ತಾಗಿತ್ತು. ನಾನೂ ಬಾಯಿ ಬಿಡಲಿಲ್ಲ. ನನ್ನ ಮಾತಿಗೆ ಇಷ್ಟು ಶಕ್ತಿಯಿದೆಯೆಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಆಮೇಲೆ ಆ ಭಾನುವಾರ ಬಂತು. ಹಳಿ ರಿಪೇರಿಯ ಮೆಗಾಬ್ಲಾಕ್, ಮಧ್ಯಾಹ್ನ ಗಾಡಿಗಳಿಲ್ಲ. ಬೆಳಗಿನ ಆರಾಧನೆ ಮುಗಿದ ಮೇಲೆ ಅಪ್ಪ ಸಭೆಯ ಮೀಟಿಂಗಿಗೆಂದು ಕಲ್ಯಾಣದಲ್ಲೇ ಉಳಿದರು. ನಾವು ಮೂವರು ಬಸ್ಸಿನಲ್ಲಿ ಬಂದು, ಕೋಳಿಸಾರಿಗೆ ರೊಟ್ಟಿ ಮುರಿದು ಹಾಕಿ ಉಂಡೆವು. ನಾನು ತಲೆಯ ಮೇಲೆ ದಿಂಬು ಒತ್ತಿಕೊಂಡು ಮಲಗಿದೆ.

ಕನಸಿನಲ್ಲಿ ಗಾಡಿ ಬಂತು. ಮುಂಬ್ರಾದ ಗುಡ್ಡ ಒಂದು ಕಡೆ, ಸಮುದ್ರದ ಖಾಡಿಯ ನೀರು ಇನ್ನೊಂದು ಕಡೆ, ನಡುವೆ ಹಳಿಯಿಲ್ಲದ ಗಾಳಿಯಲ್ಲಿ ಅದು ತೇಲಿಕೊಂಡು ಬಂತು. ಚಕ್ರ ಯಾವುದಕ್ಕೂ ತಾಗುತ್ತಿರಲಿಲ್ಲ. ಪ್ರತಿ ಕಿಟಕಿಯಲ್ಲೂ ಹಾಲಿನ ಬಣ್ಣದ ಬೆಳಕು. ಎಲ್ಲರೂ ಕೂತಿದ್ದರು, ಒಬ್ಬರೂ ನಿಂತಿರಲಿಲ್ಲ. ಅದನ್ನು ನೋಡಿಯೇ ನನಗೆ ಇದು ಪರಲೋಕದ್ದೆಂದು ಗೊತ್ತಾಯಿತು. ನಾನು ಕೈ ಬೀಸಿದೆ. ಅದು ನನ್ನ ಕೂದಲನ್ನು ಸವರಿಕೊಂಡು, ಸದ್ದೇ ಇಲ್ಲದೆ ದಾಟಿಹೋಯಿತು. ಆಗ ಕಹಳೆ ಊದಿತು.

ಎದ್ದು ಕೂತೆ. ಕಹಳೆ ನಿಲ್ಲಲಿಲ್ಲ! ದೂರದಿಂದ, ನಿಜವಾಗಿಯೇ, ಪೇ ಎಂದು ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಗಾಡಿಗಳಿಲ್ಲದ್ದರಿಂದ ಲೋಟಗಳು ಸುಮ್ಮನಿದ್ದವು. ಪರದೆಯ ಬಿಸಿಲು ನೆಲದ ಮೇಲೆ ನೀರಿನ ಹಾಗೆ ಅಲುಗುತ್ತಿತ್ತು.

"ಅಮ್ಮಾ?"

ಹೊಲಿಗೆ ಮೆಷಿನ್ನಿನ ದೀಪ ಉರಿಯುತ್ತಿತ್ತು, ಸೂಜಿ ಅರ್ಧ ಹೊಲಿದ ತೋಳಿನೊಳಗೆ ನಿಂತಿತ್ತು. ಕುರ್ಚಿಯ ಮೇಲೆ ಅಮ್ಮನ ನೈಟಿ. ಕೂತವರು ಹಾಗೇ ಆವಿಯಾದಂತೆ, ತೋಳೆರಡೂ ಇಳಿಬಿಟ್ಟುಕೊಂಡು. ಅದರ ಕೆಳಗೆ ಮನೆಯಲ್ಲಿ ಹಾಕುವ ಚಪ್ಪಲಿ. ನಮ್ಮ ಕಟ್ಟಡದಲ್ಲಿ ಯಾರೂ ನೈಟಿ ತೆಗೆಯುವುದಿಲ್ಲ. ಮೇಲೊಂದು ದುಪಟ್ಟಾ ಹೊದ್ದರೆ ಮಾರ್ಕೆಟ್ಟಿಗೂ ನಡೆಯುತ್ತದೆ, ಬ್ಯಾಂಕಿಗೂ ನಡೆಯುತ್ತದೆ. ಅಮ್ಮ ನೈಟಿ ಬಿಟ್ಟು ಹೋಗಿದ್ದಾಳೆಂದರೆ ಹೋದ ಜಾಗ ಸಾಮಾನ್ಯದ್ದಲ್ಲ.

ನೆಲದ ಮೇಲೆ ತಂಗಿಯ ಮನೆ ಫ್ರಾಕು ಬಿದ್ದಿತ್ತು. ಮುಂಬಾಗಿಲು ಹಾರುಹೊಡೆದಿತ್ತು. ಪಕ್ಕದ ಮನೆಯ ಬಾಗಿಲೂ ಹಾಗೆಯೇ. ಒಳಗೆ ಟೀವಿ ತನ್ನಷ್ಟಕ್ಕೆ ಮಾತಾಡುತ್ತಿತ್ತು, ಆಂಟಿ ಇಲ್ಲ. ಎದುರು ಮನೆ, ಕೆಳಗಿನ ಮನೆ, ಯಾರೂ ಇಲ್ಲ. ಮೆಟ್ಟಿಲಿನ ಮೇಲೆ ಒಂದೇ ಒಂದು ಚಪ್ಪಲಿ.

ಅರ್ಧ ಟಿಕೆಟ್ ಹತ್ತಿಕೊಂಡಿತ್ತು. ಉಪದೇಶ ಮಾಡಿದವಳು ಪ್ಲಾಟ್‌ಫಾರ್ಮಿನಲ್ಲಿ.

ನಾನು ಮೊಣಕಾಲೂರಿ ಪಾಪಗಳನ್ನು ಒಪ್ಪಿಕೊಳ್ಳತೊಡಗಿದೆ. ಸಮಯ ಕಡಿಮೆಯಿತ್ತು, ಆದ್ದರಿಂದ ದೊಡ್ಡವುಗಳಿಂದ ಶುರು ಮಾಡಿದೆ. ಟೆರೇಸಿನ ಕೀಲಿಯ ಸುಳ್ಳು. ಗಣಿತದ ಮಾರ್ಕಿನಲ್ಲಿ ಮೂರನ್ನು ಎಂಟು ಮಾಡಿದ್ದು. ಪ್ರಾರ್ಥನೆಯಲ್ಲಿ ಕಣ್ಣು ತೆರೆದು ಪಾಸ್ಟರ ವಿಗ್ ನೋಡಿದ್ದು. ಹೀಗೆ ಹೋಗಿ ಹೋಗಿ ಒಂದು ಕಡೆ ನಾಲಿಗೆ ನಿಂತಿತು. ಕೈ ಎತ್ತಿಕೊಂಡು ನಿಂತ ತಂಗಿಯ ಮುಖ. ಅದು ಯಾವ ಪಾಪವೆಂದು ಹೆಸರು ಹೇಳಲು ನನಗೆ ಬರಲಿಲ್ಲ.

ಗಾಡಿ ಇನ್ನೂ ದೂರ ಹೋಗಿರಲಿಕ್ಕಿಲ್ಲ, ಮೇಲಿನಿಂದ ಕೂಗಿದರೆ ಕೇಳಬಹುದು ಎಂದು ಮೆಟ್ಟಿಲು ಹತ್ತಿ ಓಡಿದೆ. ಟೆರೇಸಿನ ಬಾಗಿಲಿಗೆ ಬೀಗ ಇದ್ದಂತೆ ಇತ್ತು. ಎತ್ತಿ ತಳ್ಳಿ ನುಗ್ಗಿದೆ, ಅದು ನನ್ನ ಹಿಂದೆ ತಾನೇ ಮುಚ್ಚಿಕೊಂಡಿತು.

ಟ್ಯಾಂಕಿನ ನೆರಳಿನಂಚಿನಲ್ಲಿ ನನ್ನ ತಂಗಿ ಕೂತಿದ್ದಳು. ಚರ್ಚಿಗೆ ಹಾಕುವ ಬಿಳಿ ಫ್ರಾಕು, ಶಾಲೆಯ ನೀರಿನ ಬಾಟಲಿ, ಚಕ್ಕುಲಿಯ ಪೊಟ್ಟಣ. ಮುಂದೆ ಮೂರು ರುಮಾಲುಗಳನ್ನು ಸಾಲಾಗಿ ಹಾಸಿ, ಹಾರದಂತೆ ಒಂದೊಂದರ ಮೇಲೂ ಕಲ್ಲು ಇಟ್ಟಿದ್ದಳು.

"ಅಕ್ಕಾ, ಮೆಲ್ಲ! ಅದು ಪಪ್ಪಂದು, ತುಳೀಬೇಡ."

"ಎಂತ ಮಾಡ್ತಿದ್ದಿ ನೀನಿಲ್ಲಿ?"

"ಸೀಟು ಹಿಡೀತಿದ್ದೇನೆ. ಕೆಳಗೆ ಮೂರೇ ಸೆಕೆಂಡು ಅಲ್ವಾ? ಅಮ್ಮನಿಗೆ ಓಡ್ಲಿಕ್ಕೆ ಆಗೂದಿಲ್ಲ, ಮೊಣಕಾಲು ನೋವು. ಅದಕ್ಕೆ ಗಾಡಿ ಹೊರಡುವಲ್ಲಿಗೇ ಬಂದೆ. ಇದು ಅಮ್ಮಂದು, ಇದು ನಿಂದು. ನಿಂಗೆ ಕಿಟಕಿ."

ನನ್ನದು, ಮೂಲೆಯಲ್ಲಿ ಶಾಯಿ ಕಲೆಯಿದ್ದ ನನ್ನದೇ ರುಮಾಲು. ಎಣಿಸಿದೆ. ಮೂರೇ. ಅವಳು ಕೂತಿದ್ದದ್ದು ಬರೀ ಸಿಮೆಂಟಿನ ಮೇಲೆ, ತೊಡೆಯ ಹಿಂದೆ ಬಿಸಿ ತಾಗದಂತೆ ಅಂಗೈ ಇಟ್ಟುಕೊಂಡು.

"ನಿಂದೆಲ್ಲಿ?"

"ನನ್ನ ಹತ್ರ ಪಾಸ್ ಇಲ್ಲ ಅಲ್ವಾ?" ಎಂದಳು, ನನಗೇ ಮರೆತುಹೋಗಿದೆಯೇನೋ ಎಂಬಂತೆ. "ನೀವು ಕೂತ ಮೇಲೆ ನಾನು ಇಳೀತೇನೆ. ಪಕ್ಕದ ಮನೆ ಆಂಟಿ ಇರ್ತಾರಲ್ಲ, ಅವರ ಹತ್ರ ಇರ್ತೇನೆ. ಅವರದ್ದು ಕುದುರೆ ಗಾಡಿ, ಲೇಟಾಗಿ ಬರ್ತದೆ."

ಅಳುತ್ತಿರಲಿಲ್ಲ. ಅದೇ ಕಷ್ಟವಾಗಿದ್ದು. ಎಲ್ಲ ಯೋಚನೆ ಮಾಡಿ ಮುಗಿಸಿದ ದೊಡ್ಡ ಹೆಂಗಸಿನ ಹಾಗೆ ಚಕ್ಕುಲಿಯ ಒಂದು ಸುತ್ತು ಮುರಿದು ನನಗೆ ಕೊಟ್ಟಳು.

ಕೆಳಗೆ ಕಹಳೆ ಮತ್ತೆ ಊದಿತು. ಬಗ್ಗಿ ನೋಡಿದೆ. ಮದುವೆಯ ಬ್ಯಾಂಡಿನವರು ಕೆಂಪು ಕೋಟಿನಲ್ಲಿ, ಗೋಡೆಯ ನೆರಳಲ್ಲಿ ನಿಂತು ಸ್ವರ ಸರಿಮಾಡಿಕೊಳ್ಳುತ್ತಿದ್ದರು. ನಾಲಾದ ಹತ್ತಿರ ನಮ್ಮ ಕಟ್ಟಡದವರೆಲ್ಲ ಚದುರಿ ನಿಂತಿದ್ದರು. ಆಂಟಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು, ಎರಡು ಕೈಯನ್ನೂ ಬಾಯಿಗೆ ಹಿಡಿದು ತಂಗಿಯ ಹೆಸರು ಕೂಗುತ್ತಿದ್ದರು. ಯಾರೋ ಉದ್ದನೆಯ ಕೋಲಿನಿಂದ ನಾಲಾದ ನೀರನ್ನು ಕಲಕುತ್ತಿದ್ದರು. ಅಂದು ನಾಲಾ ನೀಲಿಯಾಗಿತ್ತು. ಅಷ್ಟು ಚೆಂದದ ನೀಲಿ ನಾನು ಮತ್ತೆ ನೋಡಿಲ್ಲ, ಆಕಾಶವನ್ನೇ ಒಂದು ಗೇಣು ಅಗಲಕ್ಕೆ ಹರಿದು ಹಾಸಿದಂತೆ. ಅದರೊಳಗೆ ಆ ಕೋಲು.

ಆಗ ಅರ್ಥವಾಯಿತು, ಯಾರು ಯಾರನ್ನು ಹುಡುಕುತ್ತಿದ್ದರೆಂದು. ಅಮ್ಮ ನೈಟಿ ತೆಗೆದು ಹೋದದ್ದು ಪೊಲೀಸ್ ಚೌಕಿಗೆಂದು. ನನ್ನನ್ನು ಎಬ್ಬಿಸುವಷ್ಟು ಸಮಯವೂ ಅವರಿಗೆ ಇರಲಿಲ್ಲ.

ಕೂಗಿ ಹೇಳಬೇಕಿತ್ತು, ಇಲ್ಲಿದ್ದಾಳೆ ಎಂದು. ಕೂಗಿದೆ ಕೂಡ. ಬ್ಯಾಂಡಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ, ಬೀಸಿದ ಕೈ ಮಾತ್ರ ಯಾರಿಗೋ ಕಂಡಂತಿತ್ತು. ತಿರುಗಿ ನೋಡಿದರೆ ತಂಗಿ ನನ್ನನ್ನೇ ನೋಡುತ್ತಿದ್ದಳು. ಮೊದಲು ಇವಳಿಗೆ ಹೇಳಬೇಕು ಅನ್ನಿಸಿತು. ನಾನು ನನ್ನ ದುಪಟ್ಟಾ ತೆಗೆದು, ನಾಲ್ಕು ಮಡಿಕೆ ಮಾಡಿ, ಅಮ್ಮನ ರುಮಾಲಿಗೂ ನನ್ನದಕ್ಕೂ ನಡುವೆ ಹಾಸಿದೆ.

"ಕೂತ್ಕೋ."

"ಟೀಸಿ?"

"ಟೀಸಿ ಗೀಸಿ ಯಾರೂ ಇಲ್ಲ. ಅದು ನಾನು ಸುಮ್ಮನೆ..." ಸುಳ್ಳು ಎಂಬ ಸಣ್ಣ ಮಾತು ನನ್ನ ಬಾಯಿಂದ ಬರಲಿಲ್ಲ. ಬೇರೆ ದಾರಿ ಹಿಡಿದೆ. "ಕೇಳು, ಮಕ್ಕಳನ್ನು ಬಿಟ್ಟು ಆ ಗಾಡಿ ಹೊರಡೂದೇ ಇಲ್ಲ. ಎಂಜಿನ್ ಡ್ರೈವರ್ ಇದ್ದಾನಲ್ಲ, ಅವನು ಮೊದಲು ತಲೆ ಹೊರಗೆ ಹಾಕಿ ಕೇಳ್ತಾನೆ, ಮುಂದಿನ ಎರಡು ಹಲ್ಲು ಇಲ್ಲದವರು ಹತ್ತಿದ್ರಾ ಅಂತ..."

ತಂಗಿ ದುಪಟ್ಟಾದ ಮೇಲೆ ಜರುಗಿ ಕೂತಳು. ಬಾಯಿ ತೆರೆದು ಹಲ್ಲಿಲ್ಲದ ಜಾಗವನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡಳು. ಮೇಲೆ ಒಂದು ಮೋಡ, ತೀರಾ ಮೆಲ್ಲಗೆ, ನಮ್ಮ ನಾಲ್ಕು ಸೀಟುಗಳ ಮೇಲೆ ನೆರಳು ಎಳೆದುಕೊಂಡು ಬಂದು ನಿಂತಿತು. ನಾನು ಡ್ರೈವರನ ಮೀಸೆಯನ್ನು ವರ್ಣಿಸಲು ಬಾಯಿ ತೆರೆದೆ.

ಹಿಂದೆ ಬಾಗಿಲು ಕೊಂಡಿ ಸಮೇತ ಕಿತ್ತು ಬಿತ್ತು.

ಅಮ್ಮ. ಕುರ್ತಾ ಉಲ್ಟಾ ಹಾಕಿಕೊಂಡಿದ್ದಳು, ಹೊಲಿಗೆಯೆಲ್ಲ ಹೊರಗೆ ಕಾಣುತ್ತಿತ್ತು. ಮೊಣಕಾಲು ಹಿಡಿದುಕೊಂಡು ಮೇಲುಸಿರು ಬಿಡುತ್ತಾ ತಂಗಿಯನ್ನು ನೋಡಿದಳು, ರುಮಾಲುಗಳನ್ನು ನೋಡಿದಳು, ಆಮೇಲೆ ಬಹಳ ಹೊತ್ತು ನನ್ನನ್ನು ನೋಡಿದಳು.

"ಸಾಕು ನಿನ್ನ ಬಾಯಿ," ಎಂದಳು. "ಇಳಿ ಕೆಳಗೆ."