ಆನೆಯ ಕಾಲು ನೋಡುತ್ತಾ ನಿಂತವರು

ಅಲಂಪುರದ ರಸ್ತೆಯಲ್ಲಿ ಲಾರಿ ಹಾರ್ನ್‌ಗೆ ಬೆದರಿದ ಆನೆ ನಮ್ಮತ್ತಲೇ ಓಡಿ ಬಂತು. ಸಪ್ಪಳವೇ ಇಲ್ಲ, ಮೋಡವೊಂದು ನೆಲಕ್ಕಿಳಿದು ತೇಲಿ ಬಂದ ಹಾಗೆ. ನಾನು ಬೇಲಿ ಸೇರಿದೆ. ನೇಕಾರರಾದ ನಮ್ಮ ಯಜಮಾನರು ಮಾತ್ರ ರಸ್ತೆಯಲ್ಲೇ ನಿಂತು, ಕನಸಿನಲ್ಲಿದ್ದವರಂತೆ ಅದರ ಕಾಲು ನೋಡುತ್ತಿದ್ದರು.

“ಈ ಕಡೆ ಸರೀರಿ, ತುಳಿಸಿಕೊಂಡ ಮ್ಯಾಲೆ ಯಾವ ಸೀರಿ ನೇಯ್ತೀರಿ?” ಎಂದು ಓಡಿಹೋಗಿ ಕೈ ಹಿಡಿದು ಎಳೆದೆ. ಆನೆ ಪಕ್ಕದಲ್ಲೇ ಹಾದುಹೋಯಿತು.

“ಎಷ್ಟು ಜೋರು ಓಡಿದ್ರೂ ಒಂದು ಕಾಲು ನೆಲದ ಮ್ಯಾಲೇ ಐತಿ ನೋಡು. ನಾನು ಸೀರಿ ಅಂಚಿನಾಗಿನ ಆನಿಗೆ ಕುದುರಿ ಹಂಗ ನಾಲ್ಕೂ ಕಾಲು ಹಾರಿಸೀನಿ,” ಎಂದರು.

ಮನೆಗೆ ಬಂದವರೇ, ಮಗಳ ಮದುವೆಗೆಂದು ಮೊಳದುದ್ದ ನೇಯ್ದಿದ್ದ ಸೀರೆಯನ್ನು ಬಿಚ್ಚತೊಡಗಿದರು. ಬೈಯಬೇಕೆಂದೇ ಹೋದೆ. ಮನುಷ್ಯ ಉಳಿದದ್ದೇ ಸಾಕು ಎನಿಸಿ, ಪಕ್ಕದಲ್ಲಿ ಕೂತು ಬಿಚ್ಚಿದ ಎಳೆ ಸುತ್ತಿಕೊಂಡೆ.