ಗೂಡಿಗೆ ಒಂದನೇ ನಂಬರು

ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕುವಾಗ ಒಳಗೆ ಹುಳ ಇರುತ್ತದೆ. ನಿಮ್ಮ ಮನೆಯ ಮದುವೆ ಸೀರೆ ಬಂದದ್ದೂ ಹಾಗೆಯೇ. ಹುಳ ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಬಂದರೆ ನೂಲಿನ ಎಳೆ ಕೆಡುತ್ತದೆ, ಆ ಗೂಡನ್ನು ಮಾರುಕಟ್ಟೆಯಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ. ಅದಕ್ಕೇ ಹೊರಬರುವ ಮೊದಲೇ ಬೇಯಿಸುತ್ತಾರೆ. ಇದರಲ್ಲಿ ಗುಟ್ಟೇನೂ ಇಲ್ಲ, ಕೇಳಿದವರಿಗೆ ಯಾರು ಬೇಕಾದರೂ ಹೇಳುತ್ತಾರೆ. ನಾವು ಕೇಳುವುದಿಲ್ಲ, ಅಷ್ಟೆ.

ರೇಷ್ಮೆಗೆ ಹೆಸರಾದ ವಿಜಯಪುರದ ಸುತ್ತಮುತ್ತಲ ಹಳ್ಳಿಗಳ ಮಕ್ಕಳಿಗೆ ಇದು ಅಕ್ಷರ ಕಲಿಯುವ ಮೊದಲೇ ಗೊತ್ತು. ಹುಳಕ್ಕೆ ಸೊಪ್ಪು ಹಾಕಿ, ಕಸ ತೆಗೆದು, ಹಣ್ಣಾದ ಹುಳವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟಿಗೆ ಬಿಟ್ಟು ಆಮೇಲೆ ಶಾಲೆಗೆ ಬರುವ ಮಕ್ಕಳು ಅವು. ಆದರೆ ಆ ಮಕ್ಕಳು ಕಾಣದೇ ಇರುವುದು ಒಂದಿದೆ. ಅದು ಚಿಟ್ಟೆ. ಮನೆಗೆ ಬರುವುದು ಮರಿಹುಳ, ಮನೆಯಿಂದ ಹೋಗುವುದು ಗೂಡು. ಮರಿಗಿಂತ ಮುಂಚೆ ಏನಿತ್ತು, ಬೇಯಿಸದೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದು ಮನೆಯ ವ್ಯವಹಾರಕ್ಕೆ ಸೇರಿದ್ದಲ್ಲ. ಅದನ್ನು ಮಕ್ಕಳ ಕಣ್ಣಿಗೆ ತೋರಿಸಿದ್ದಕ್ಕೆ ಒಬ್ಬ ಶಿಕ್ಷಕಿಯ ಕೈಯಿಂದ ವಿಜ್ಞಾನದ ಪಾಠ ಕಿತ್ತುಕೊಂಡರು. ಅವರ ಹೆಸರು ಖುಷ್ನುಮಾ.

ಖುಷ್ನುಮಾ ಹುಟ್ಟಿದ್ದು ವಿಜಯಪುರದಲ್ಲೇ, ನೂಲು ಬಿಚ್ಚಾಣಿಕೆಯ ಮನೆಯಲ್ಲಿ. ತಂದೆ ನಜೀಬುಲ್ಲಾ ಮಾರುಕಟ್ಟೆಯಿಂದ ಗೂಡು ತಂದು, ಬೇಯಿಸಿ, ನೂಲು ತೆಗೆದು ಮಾರುತ್ತಿದ್ದರು. ಬೆಂದ ಹುಳದ ವಾಸನೆ ಬೀದಿಗೆಲ್ಲ ಹಂಚಿಹೋಗಿತ್ತು. ಬಟ್ಟೆಯಲ್ಲಿ, ಕೂದಲಲ್ಲಿ, ಶಾಲೆಯ ಚೀಲದಲ್ಲಿ. ಬೆಂಚಿನಲ್ಲಿ ಪಕ್ಕ ಕೂರುವ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಒಂದು ದಿನ ಆಕೆ ತಂದೆಯನ್ನು ಕೇಳಿದರು, ಕುದಿಸದೆ ಬಿಟ್ಟರೆ ಏನಾಗತ್ತೆ ಅಬ್ಬಾ ಅಂತ. ತೂತು ಮಾಡ್ಕೊಂಡು ಅದು ಹೊರಟೋಗತ್ತೆ, ಆಮೇಲೆ ನಾವೂ ಅದರ ಹಿಂದೆ ಹೊರಡ್ಬೇಕಾಗತ್ತೆ ಅಂದು ನಕ್ಕರಂತೆ ನಜೀಬುಲ್ಲಾ. ನಕ್ಕು ಸುಮ್ಮನಾಗಲಿಲ್ಲ. ಒಂದು ಗೂಡನ್ನು ಖಾಲಿ ಬೆಂಕಿಪೊಟ್ಟಣದಲ್ಲಿ ಹಾಕಿ ಮಗಳ ಕೈಗೆ ಕೊಟ್ಟರು. ನಾನು ಹೇಳಿದ್ದು ಸರೀನೋ ಸುಳ್ಳೋ ನೀನೇ ನೋಡು ಅಂದರು.

ಆಕೆ ಕಲಿತ ವಿಜ್ಞಾನವೆಲ್ಲ ಆ ಬೆಂಕಿಪೊಟ್ಟಣದಿಂದ ಶುರುವಾದದ್ದು. ಮುಂದೆ ಬಿ.ಎಸ್ಸಿ., ಬಿ.ಎಡ್. ಎಲ್ಲ ಆಯಿತು, ಊರಿಗೆ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಆರನೇ ತರಗತಿಯಿಂದ ಎಂಟರವರೆಗೆ ವಿಜ್ಞಾನ ಅವರದು.

ಮಕ್ಕಳು ಕಲಿತರೋ ಇಲ್ಲವೋ ಎಂದು ನೋಡುವುದಕ್ಕೆ ಅವರದೇ ಒಂದು ರೀತಿಯಿತ್ತು. ಪ್ರಶ್ನೆಯನ್ನು ಬಾಯಲ್ಲಿ ಕೇಳುತ್ತಿರಲಿಲ್ಲ, ಮೇಜಿನ ಮೇಲೆ ಇಡುತ್ತಿದ್ದರು. ಬಕೆಟ್ಟಿನ ನೀರು, ಒಂದು ನಿಂಬೆಹಣ್ಣು, ಸಿಪ್ಪೆ ಸುಲಿದ ಇನ್ನೊಂದು. ಯಾವುದು ಮುಳುಗುತ್ತದೆ? ಪ್ರತಿಯೊಬ್ಬರ ಕೈಗೂ ಒಂದು ಹುಣಸೆಬೀಜ. ಒಂದೊಂದು ಉತ್ತರಕ್ಕೆ ಒಂದೊಂದು ಡಬ್ಬಿ, ತನಗೆ ಸರಿ ಅನ್ನಿಸಿದ ಡಬ್ಬಿಗೆ ಬೀಜ ಹಾಕಬೇಕು. ಹಾಕಿದ ಮೇಲೆ ಬದಲಾಯಿಸುವ ಹಾಗಿಲ್ಲ. ಆಮೇಲೆ ಹಣ್ಣನ್ನು ನೀರಿಗೆ ಬಿಡುವುದು. ಬೀಜ ತಪ್ಪಿದವರ ಅಂಕ ಕಳೆಯುತ್ತಿರಲಿಲ್ಲ. ಯಾಕೆ ತಪ್ಪಿತು ಎಂದು ಒಬ್ಬೊಬ್ಬರೇ ಶಾಲೆಯಂಗಳದ ಹೊಂಗೆಮರದ ಕೆಳಗೆ ಬಂದು ಹೇಳಬೇಕಿತ್ತು. ಅಂಕ ಆ ಮಾತಿಗೆ. ತಪ್ಪು ಬೀಜ ಹಾಕಿ ಕಾರಣ ಕಂಡುಕೊಂಡ ಮಗುವಿಗೆ, ಸರಿ ಬೀಜ ಹಾಕಿ ಬಾಯಿ ಬಿಡದ ಮಗುವಿಗಿಂತ ಹೆಚ್ಚು ಅಂಕ.

ಮುಖ್ಯಶಿಕ್ಷಕ ಆದಿನಾರಾಯಣಪ್ಪನವರಿಗೆ ಇದು ಗಲಾಟೆ. ನಿವೃತ್ತಿ ಹತ್ತಿರ ಬಂದಿದ್ದ, ಯಾರ ಜೊತೆಗೂ ಜಗಳ ಬೇಡ ಅನ್ನುವ ಮನುಷ್ಯ. ಕೆಟ್ಟವರಲ್ಲ. ಕೆಟ್ಟವರಲ್ಲದ ಇಂಥವರಿಂದಲೇ ಈ ದೇಶದ ಅರ್ಧ ಕೇಡು ನಡೆಯುತ್ತದೆ.

ಆರನೇ ತರಗತಿಗೆ ರೇಷ್ಮೆಹುಳದ ಜೀವನಚಕ್ರದ ಪಾಠ ಬಂತು. ಖುಷ್ನುಮಾ ಒಂದು ಹಿಡಿ ಗೂಡು ಬೇಕೆಂದು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಆಂಜಿನಪ್ಪನವರನ್ನು ಕೇಳಿದರು. ಆಂಜಿನಪ್ಪ ಹುಳ ಸಾಕುವವರು, ಅವರ ಮಗಳು ನವ್ಯಶ್ರೀ ಅದೇ ತರಗತಿಯಲ್ಲಿದ್ದಳು. ಗೂಡು ಕೊಟ್ಟರು. ಮೇಡಮ್ಮೋರು ಸ್ಕೂಲಲ್ಲೇ ಸೀರೆ ನೇಯ್ತಾರಂತೆ ಎಂದು ಊರಲ್ಲಿ ತಮಾಷೆಯೂ ಆಯಿತು.

ಚಪ್ಪಲಿ ಡಬ್ಬಿಯೊಳಗೆ ಗೂಡು ಹರಡಿ ಕಿಟಕಿಯ ಮೇಲಿಟ್ಟರು. ಬೇಯಿಸದೆ ಬಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಹುಣಸೆಬೀಜ ಬಂತು. ಒಳಗಿನ ಹುಳ ಸತ್ತುಹೋಗತ್ತೆ ಎಂದು ಹೆಚ್ಚಿನ ಮಕ್ಕಳು ಬೀಜ ಹಾಕಿದರು. ಅವರ ಅನುಭವದಲ್ಲಿ ಗೂಡಿನೊಳಗಿನ ಹುಳಕ್ಕೆ ಬೇರೆ ಗತಿಯೇ ಇರಲಿಲ್ಲ. ಒಂದು ಬೆಳಿಗ್ಗೆ ಗೂಡಿನ ತುದಿ ಒದ್ದೆಯಾಗಿ ಕಂದುಬಣ್ಣಕ್ಕೆ ತಿರುಗಿತು, ಅಲ್ಲಿಂದ ಮುದುಡಿಕೊಂಡ ರೆಕ್ಕೆಯ ಒಂದು ಪ್ರಾಣಿ ತೂರಿಕೊಂಡು ಬಂತು. ಮಕ್ಕಳೆಲ್ಲ ಬೆಂಚು ಬಿಟ್ಟು ಕಿಟಕಿಗೆ ಮುಗಿಬಿದ್ದರಂತೆ. ಚಿಟ್ಟೆಗಳು ಜೋಡಿಯಾದವು, ಹಾಳೆಯ ಮೇಲೆ ಮೊಟ್ಟೆ ಇಟ್ಟವು, ಸತ್ತವು. ಕೆಲವು ದಿನ ಕಳೆದ ಮೇಲೆ ಒಂದಷ್ಟು ಮೊಟ್ಟೆ ಒಡೆದು ಕೂದಲೆಳೆಯಂಥ ಮರಿಗಳು ಬಂದವು. ಉಳಿದ ಮೊಟ್ಟೆ ಹಾಗೇ ಉಳಿದವು. ಯಾಕೆ ಮಿಸ್ ಎಂದರು ಮಕ್ಕಳು. ನನಗೂ ಗೊತ್ತಿಲ್ಲ, ಕೇಳಿ ತಿಳ್ಕೊಂಡು ಬರ್ತೀನಿ ಎಂದರು ಖುಷ್ನುಮಾ. ತನಗೆ ಗೊತ್ತಿಲ್ಲ ಎಂದು ಮಕ್ಕಳೆದುರು ಹೇಳಿದ ಶಿಕ್ಷಕರನ್ನು ನೀವು ಎಷ್ಟು ಜನರನ್ನು ಕಂಡಿದ್ದೀರಿ?

ಆಮೇಲೆ ಪರೀಕ್ಷೆ ಬಂತು. ಸುತ್ತಿನ ಶಾಲೆಗಳಿಗೆಲ್ಲ ಒಂದೇ ಪ್ರಶ್ನೆಪತ್ರಿಕೆ, ಮೇಲಿನಿಂದ ಬಂದದ್ದು. ಅದರಲ್ಲಿ ನಾಲ್ಕು ಚಿತ್ರ: ಮೊಟ್ಟೆ, ಹುಳ, ಗೂಡು, ಚಿಟ್ಟೆ. ಜೀವನಚಕ್ರದ ಕ್ರಮದಲ್ಲಿ ನಂಬರು ಹಾಕಿರಿ. ಆರನೇ ತರಗತಿಯ ಅಷ್ಟೂ ಮಕ್ಕಳು ಗೂಡಿನ ಕೆಳಗೆ ಒಂದು ಎಂದು ಬರೆದರು. ಚಿಟ್ಟೆಗೆ ಎರಡು, ಮೊಟ್ಟೆಗೆ ಮೂರು, ಹುಳಕ್ಕೆ ನಾಲ್ಕು. ಅವರು ನೋಡಿದ್ದೇ ಆ ಕ್ರಮದಲ್ಲಿ. ಮೇಲಿನವರು ಕಳಿಸಿದ ಸರಿಯುತ್ತರದಲ್ಲಿ ಒಂದು ಎಂದರೆ ಮೊಟ್ಟೆ. ಚಕ್ರ ಎಂದು ತಾವೇ ಹೆಸರಿಟ್ಟು, ಅದಕ್ಕೆ ತಾವೇ ಒಂದು ತುದಿ ಅಂಟಿಸಿದವರು ಅವರು.

ಅಂಕ ಮಾತ್ರ ಹೋಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಉತ್ತರಪತ್ರಿಕೆಗಳ ಮಾದರಿ ಪರಿಶೀಲನೆಗೆ ಕೆಂಪರಾಜ್ ಬಂದರು. ಸುತ್ತಿನ ಶಾಲೆಗಳ ಮೇಲ್ವಿಚಾರಣೆಗೆ ನೇಮಕವಾದ, ತಾವೂ ಹಿಂದೆ ಶಿಕ್ಷಕರಾಗಿದ್ದ ಮನುಷ್ಯ. ಅಷ್ಟೂ ಪತ್ರಿಕೆಯಲ್ಲಿ ಒಂದೇ ತಪ್ಪು ಕಂಡದ್ದೇ ಅವರ ಕಣ್ಣು ಅರಳಿತು. ಇದು ಸಾಮೂಹಿಕ ನಕಲು, ಟೀಚರೇ ಬರೆಸಿದ್ದಾರೆ, ಅದೂ ತಪ್ಪು ಬರೆಸಿದ್ದಾರೆ ಎಂದರು. ಪಕ್ಕದ ಒಂದು ಶಾಲೆಯಲ್ಲಿ ಅಷ್ಟೂ ಮಕ್ಕಳ ಅಷ್ಟೂ ಉತ್ತರ ಅಲ್ಪವಿರಾಮದ ಸಮೇತ ಒಂದೇ ಇತ್ತು. ಅಲ್ಲಿ ಬೋರ್ಡಿನ ಮೇಲೆ ಬರೆದಿದ್ದರು ಎಂಬುದು ಮಕ್ಕಳಿಗೂ ಗೊತ್ತು, ಕೆಂಪರಾಜ್‌ಗೂ ಗೊತ್ತು. ಎಲ್ಲರೂ ಸರಿ ಬರೆದರೆ ಅದು ಉತ್ತಮ ಕಲಿಕೆ. ಎಲ್ಲರೂ ತಪ್ಪು ಬರೆದರೆ ಮಾತ್ರ ನಕಲು.

ಮುಖ್ಯಶಿಕ್ಷಕರ ಕೋಣೆಯಲ್ಲಿ ಪಂಚಾಯ್ತಿ ಸೇರಿತು. ಕೆಂಪರಾಜ್, ಆದಿನಾರಾಯಣಪ್ಪ, ಸಮಿತಿಯ ಅಧ್ಯಕ್ಷರಾಗಿ ಆಂಜಿನಪ್ಪ, ಎದುರಿಗೆ ಖುಷ್ನುಮಾ. ನಡೆದದ್ದನ್ನು ಖುಷ್ನುಮಾ ವಿವರಿಸಿದರು. ಕಿಟಕಿಯ ಮೇಲಿದ್ದ ಡಬ್ಬಿಯನ್ನೇ ತಂದು, ತೂತಾದ ಗೂಡುಗಳನ್ನು ತೋರಿಸಿದರು. ನಾನು ಬರೆಸಿಲ್ಲ, ಬೇಕಾದರೆ ಯಾವ ಮಗುವನ್ನಾದರೂ ಕರೆದು ಕೇಳಿ ಎಂದರು. ಕೆಂಪರಾಜ್ ನವ್ಯಶ್ರೀಯನ್ನು ಕರೆಸಿದರು.

"ಗೂಡು ಫಸ್ಟು ಅಂತ ಯಾರಮ್ಮ ಹೇಳ್ಕೊಟ್ಟಿದ್ದು?"

"ಯಾರೂ ಹೇಳ್ಕೊಡ್ಲಿಲ್ಲ ಸಾರ್. ನಾವು ಗೂಡಿಂದ ಶುರು ಮಾಡಿದ್ವಿ."

"ಮೊಟ್ಟೆ ಅಲ್ವಾ ಮೊದ್ಲು ಇರೋದು?"

"ಆ ಮೊಟ್ಟೆ ಯಾರು ಇಟ್ರು ಸಾರ್?"

ಆಂಜಿನಪ್ಪನಿಗೆ ನಗು ತಡೆಯಲಾಗಲಿಲ್ಲ. ಕೆಂಪರಾಜ್ ನಗಲಿಲ್ಲ. ಬುದ್ಧಿವಂತೆ, ಹೋಗಿ ಕೂತ್ಕೋ ಎಂದು ಹುಡುಗಿಯನ್ನು ಕಳಿಸಿದರು. ವಿಜ್ಞಾನ ಕಲಿತ ಮಗುವಿಗೆ ಇರಬೇಕಾದ ಅಷ್ಟೂ ಲಕ್ಷಣ ಆ ಒಂದು ಪ್ರಶ್ನೆಯಲ್ಲಿತ್ತು. ಅದು ಆತನ ಕಿವಿಗೂ ಬಿತ್ತು, ಆತ ದಡ್ಡನಲ್ಲ. ಆದರೆ ಅಂಕ ದಾಖಲಿಸುವ ಕಂಪ್ಯೂಟರಿನಲ್ಲಿ ಅದನ್ನು ತುಂಬುವುದಕ್ಕೆ ಜಾಗವಿಲ್ಲ ಎಂದರು. ಅಲ್ಲಿರುವುದು ಸರಿ, ತಪ್ಪು, ಎರಡೇ.

"ನೋಡಿ ಮೇಡಂ," ಎಂದರು ಕೆಂಪರಾಜ್, "ನೀವು ಹೇಳೋದು ನನಗೂ ಅರ್ಥ ಆಗತ್ತೆ. ಮೇಲಿನೋರಿಗೆ ನಾನೇನು ಡಬ್ಬಿ ತಗೊಂಡೋಗಿ ತೋರ್ಸ್ಲಾ? ಮರುಪರೀಕ್ಷೆ ಮಾಡಿ. ಈ ಸಲ ಮೊಟ್ಟೆ ಒಂದು ಅಂತ ಹೇಳ್ಬಿಡಿ ಮಕ್ಕಳಿಗೆ. ಎಲ್ಲಾ ಮುಗಿದೋಗತ್ತೆ."

"ಬರೆಸಿದ್ದೀನಿ ಅಂತ ತಪ್ಪು ಹೊರಿಸ್ತಾ ಇದೀರ," ಎಂದರು ಖುಷ್ನುಮಾ. "ಈಗ ನೀವೇ ಬರೆಸು ಅಂತೀರ."

ಆದಿನಾರಾಯಣಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಮರುಪರೀಕ್ಷೆ ಒಪ್ಪದಿದ್ದರೆ ನೋಟಿಸು, ಆ ತರಗತಿಗಳ ವಿಜ್ಞಾನವೂ ಕೈತಪ್ಪುತ್ತದೆ ಎಂಬುದು ಹೇಳದೆಯೇ ಎಲ್ಲರಿಗೂ ತಿಳಿದಿತ್ತು. ಖುಷ್ನುಮಾ ಆಂಜಿನಪ್ಪನ ಮುಖ ನೋಡಿದರು. ಗೂಡು ಕೊಟ್ಟವರು ಅವರು, ಕೆಂಪರಾಜ್ ಬಾಯಿ ಕಟ್ಟಿದ ಹುಡುಗಿಯ ತಂದೆ ಅವರು. ಅಧ್ಯಕ್ಷರು ಬೇಡವೆಂದರೆ ಮರುಪರೀಕ್ಷೆ ಅಲ್ಲಿಗೇ ನಿಲ್ಲುತ್ತಿತ್ತು.

"ಮೇಡಮ್ಮೋರೇ, ಬೇಜಾರ್ ಮಾಡ್ಕೋಬೇಡಿ," ಎಂದರು ಆಂಜಿನಪ್ಪ. "ಹುಳದ ವಿಷ್ಯ ನಮ್ಮುಡ್ಗಿಗೆ ಮನೇಲೇ ಐತೆ. ಅದ್ನ ನೋಡ್ಲಿ ಅಂತ ಸ್ಕೂಲಿಗೆ ಕಳಿಸ್ತೀವಾ? ಮಾರ್ಕ್ಸ್ ಬಂದ್ರೆ ಸಾಕು. ಮಾಡ್ಸಿ ಸಾರ್ ಪರೀಕ್ಷೆ."

ಖುಷ್ನುಮಾ ಬರೆಸುವುದಿಲ್ಲ ಎಂದರು. ಹಾಗಾಗಿ ಆದಿನಾರಾಯಣಪ್ಪನೇ ಬೋರ್ಡಿನ ಮೇಲೆ ನಾಲ್ಕು ಚಿತ್ರ ಬರೆದು, ಕೆಳಗೆ ನಂಬರು ಹಾಕಿ, ಚಿತ್ರ ನೋಡಿಕೊಂಡು ಬರೀರಿ ಎಂದು ಬಾಗಿಲ ಬಳಿ ನಿಂತರು. ಮಕ್ಕಳೆಲ್ಲರಿಗೂ ಪೂರ್ತಿ ಅಂಕ ಬಂತು. ನಂತರದ ತಿಂಗಳ ಸಭೆಯಲ್ಲಿ, ಕಲಿಕೆಯಲ್ಲಿ ಗಮನಾರ್ಹ ಸುಧಾರಣೆ ಕಂಡ ಶಾಲೆ ಎಂದು ಈ ಶಾಲೆಯ ಹೆಸರನ್ನು ಓದಿದರು, ಚಪ್ಪಾಳೆಯೂ ಬಿತ್ತು. ನಕಲು ಮಾಡದ ದಿನ ನಕಲಿನ ಆರೋಪ, ನಕಲು ಮಾಡಿಸಿದ ದಿನ ಚಪ್ಪಾಳೆ. ಇದನ್ನು ನಾವು ಮೌಲ್ಯಮಾಪನ ಎಂದು ಕರೆಯುತ್ತೇವೆ.

ಖುಷ್ನುಮಾಗೆ ನೋಟಿಸು ಬರಲಿಲ್ಲ. ಆದಿನಾರಾಯಣಪ್ಪ ಅದೊಂದು ಉಪಕಾರ ಮಾಡಿದರು. ವಿಜ್ಞಾನವನ್ನು ಮಾತ್ರ ತಾವೇ ಇಟ್ಟುಕೊಂಡು, ಆಕೆಯನ್ನು ಚಿಕ್ಕ ಮಕ್ಕಳ ತರಗತಿಗೆ ಹಾಕಿದರು. ಆದಿನಾರಾಯಣಪ್ಪ ಓದಿದ್ದು ಸಮಾಜ ವಿಜ್ಞಾನ. ಅವರ ಪಾಠದಲ್ಲಿ ಗಲಾಟೆ ಇಲ್ಲ. ಪ್ರಶ್ನೋತ್ತರ ಬರೆಸುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಬೀಜ ಹಾಕುತ್ತಿದ್ದ ಡಬ್ಬಿಗಳಲ್ಲಿ ಈಗ ಸೀಮೆಸುಣ್ಣದ ಚೂರು ತುಂಬಿದೆ.

ಒಂದು ಮಧ್ಯಾಹ್ನ ಊಟದ ತಟ್ಟೆ ತೊಳೆಯುವ ಜಾಗದಲ್ಲಿ ನವ್ಯಶ್ರೀ ಸಿಕ್ಕಿದಳು. ಖುಷ್ನುಮಾ ಸುಮ್ಮನೆ ಕೇಳಿದರು, ಈಗ ಯಾವುದಮ್ಮ ಮೊದಲು ಅಂತ. ಹುಡುಗಿ ಆ ಕಡೆ ಈ ಕಡೆ ನೋಡಿದಳು.

"ಪೇಪರಿಗೆ ಮೊಟ್ಟೆ ಫಸ್ಟು ಮಿಸ್. ನಿಜಕ್ಕೆ ಎಲ್ಲಿಂದ ಶುರು ಮಾಡಿದ್ರೂ ಸರಿ. ಅಪ್ಪ ಹೇಳಿದ್ರು, ನಿಜದ್ದು ಬರೀಬಾರ್ದು ಅಂತ."

ಹೇಳಿ ತಟ್ಟೆ ಒದರಿಕೊಂಡು ಓಡಿಹೋದಳು. ಗೂಡಿನ ಆ ಚಪ್ಪಲಿ ಡಬ್ಬಿಯನ್ನು ಖುಷ್ನುಮಾ ಮನೆಗೆ ಒಯ್ದಿಲ್ಲ. ಒಡೆಯದೇ ಉಳಿದ ಮೊಟ್ಟೆಗಳ ಹಾಳೆ ಕಿಟಕಿಯ ಮೇಲೆ ಹಾಗೇ ಇದೆ. ಅವು ಯಾಕೆ ಒಡೆಯಲಿಲ್ಲ ಎಂದು ಖುಷ್ನುಮಾ ರೇಷ್ಮೆ ಇಲಾಖೆಯವರನ್ನು ಕೇಳಿ ತಿಳಿದುಕೊಂಡೂ ಆಗಿತ್ತು. ತಳಿಯ ಗುಣ ಅದು, ಕೆಲವು ಮೊಟ್ಟೆ ತಿಂಗಳುಗಟ್ಟಲೆ ಮಲಗಿರುತ್ತವೆ. ಹೇಳೋಣವೆಂದರೆ ಆ ತರಗತಿ ಈಗ ಅವರದಲ್ಲ. ಮಕ್ಕಳೂ ಮತ್ತೆ ಕೇಳಲಿಲ್ಲ. ಅದು ಪರೀಕ್ಷೆಗೆ ಬರುವುದಿಲ್ಲವಲ್ಲ.

ಕೆಂಪರಾಜನನ್ನು ಬೈದು ಮನಸ್ಸು ಹಗುರ ಮಾಡಿಕೊಳ್ಳಬೇಡಿ. ಆ ಕೋಣೆಯಲ್ಲಿ ಪರೀಕ್ಷೆ ಮಾಡ್ಸಿ ಎಂದವರು ಒಬ್ಬ ಮಗುವಿನ ಅಪ್ಪ. ಅಂದರೆ ನೀವು, ನಿಮ್ಮಂಥವರು. ಇವತ್ತು ನಿಮ್ಮ ಮಗು ಮನೆಗೆ ಬಂದ ಮೇಲೆ ಅದರ ವಿಜ್ಞಾನದ ಉತ್ತರಪತ್ರಿಕೆ ತೆಗೆಸಿ. ಸರಿ ಎಂದು ಗುರುತು ಬಿದ್ದ ಒಂದು ಉತ್ತರದ ಮೇಲೆ ಬೆರಳಿಟ್ಟು, ಇದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿ. ಮಿಸ್ ಬರೆಸಿದರು ಎಂದರೆ, ನಾಳೆ ಬೆಳಿಗ್ಗೆ ಕೆಲಸಕ್ಕೆ ರಜೆ ಹಾಕಿ ಶಾಲೆಗೆ ಹೋಗಿ, ಮುಖ್ಯಶಿಕ್ಷಕರ ಎದುರು ಕೂತು ಹೇಳಿ: ನಮಗೆ ಈ ಅಂಕ ಬೇಡ, ನಮ್ಮ ಮಗುವಿಗೆ ಕಣ್ಣಾರೆ ತೋರಿಸಿ, ಆಮೇಲೆ ಕೇಳಿ, ಅದು ಹೇಳಿದ್ದನ್ನು ಬರೆದುಕೊಳ್ಳಿ.