ಬೋಟು ತೇಲುತ್ತದೆ, ಕಪಾಟು ತೇಲುವುದಿಲ್ಲ

ಕಳೆದ ಏಪ್ರಿಲ್‌ನಲ್ಲಿ ಮಣಿಪಾಲದಲ್ಲಿ ಮಳೆ ಬಂತು. ಹೊರಗಲ್ಲ, ಯಶೋದಕ್ಕನ ಹಾಲ್‌ನೊಳಗೆ.

"ಮಾರಾಯ್ರೆ, ನಿಮ್ಮ ಬಾಯಲ್ಲಿ ಎಂತ ಉಂಟು? ಕಪಾಟು ನಿಜವಾಗಿಯೂ ತೇಲಲಿಲ್ಲ!" ಫೋನಿನಲ್ಲಿ ಅವರ ದನಿ. ನನ್ನ ಎದೆ ಧಸಕ್ ಎಂದಿತು. (ಅದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ಕೊರಿಯರ್‌ನವರು ಬೆಲ್ ಮಾಡಿದರೂ ಸಾಕು.)

ಗಲ್ಫ್‌ನಲ್ಲಿರುವವರ ಫ್ಲಾಟ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಓನರ್‌ನ ಇನ್ಶೂರೆನ್ಸ್ ಗೋಡೆಗಷ್ಟೇ. ಬಾಡಿಗೆದಾರರ ಸಾಮಾನಿಗೆ ದಿಕ್ಕಿಲ್ಲ. ಹಾಗಾಗಿ ಅಗ್ರಿಮೆಂಟ್ ಮಾಡುವಾಗಲೇ ಸಾಮಾನಿಗೂ ಒಂದು ಪಾಲಿಸಿ ಮಾಡಿಸಿ ಎಂದು ಎಲ್ಲರ ಬೆನ್ನು ಹತ್ತುತ್ತೇನೆ.

ಹೆಜಮಾಡಿಯಿಂದ ಬಂದ ಯಶೋದಕ್ಕ ಆಗ ನಕ್ಕಿದ್ದರು. "ನಮ್ಮವರ ಬೋಟಿಗೆ ಇನ್ಶೂರೆನ್ಸ್ ಉಂಟು, ಸರಿ. ಕಪಾಟಿಗೆ ಎಂತಕ್ಕೆ? ಅದೇನು ಮೀನು ಹಿಡಿಯಲು ಹೋಗ್ತದಾ?"

"ಬೋಟು ತೇಲ್ತದೆ ಅಕ್ಕ. ಕಪಾಟು ತೇಲುವುದಿಲ್ಲ," ಎಂದಿದ್ದೆ. ನನ್ನ ಮುಖ ನೋಡಿ ಪಾಪ ಅನಿಸಿರಬೇಕು, ಸಹಿ ಹಾಕಿದರು.

ಆದದ್ದಿಷ್ಟು. ಬೇಸಿಗೆಯಲ್ಲಿ ಆ ಕಟ್ಟಡಕ್ಕೆ ನೀರು ಯಾವಾಗ ಬರುತ್ತದೆಂದು ಹೇಳಲಾಗದು. ಹಾಗಾಗಿ ಎಲ್ಲರದ್ದೂ ಒಂದೇ ಉಪಾಯ: ನಲ್ಲಿ ತೆರೆದಿಟ್ಟು, ಕೆಳಗೆ ಖಾಲಿ ಕೊಡ ಇಡುವುದು. ನೀರು ಬಿದ್ದ ಸದ್ದಿಗೆ ಓಡಿ ಬರಬಹುದಲ್ಲ? ಮೇಲಿನ ಮನೆಯ ದಿವ್ಯಾ ಮತ್ತು ಗಂಡ ಸಿಂಕ್‌ನಲ್ಲಿ ಹಾಗೇ ಕೊಡ ಇಟ್ಟು, ಮರೆತು, ಕಾರ್ಕಳಕ್ಕೆ ಗೃಹಪ್ರವೇಶಕ್ಕೆ ಹೋದರು. ಕೊಡ ಸರಿಯಾಗಿ ಸಿಂಕ್‌ನ ತೂತಿನ ಮೇಲೆಯೇ ಕೂತಿತ್ತು. ನೀರು ಬಂತು. ಸದ್ದೂ ಬಂದಿರಬೇಕು. ಕೇಳಲು ಯಾರಿದ್ದರು?

ನಾನು ಓಡಿ ಹೋದಾಗ ಯಶೋದಕ್ಕನ ಸೋಫಾ, ಫ್ರಿಜ್, ಕಪಾಟು ಎಲ್ಲ ನೀರು ಕುಡಿದಿದ್ದವು. ಸುದ್ದಿ ತಿಳಿದು ಮರಳಿದ ದಿವ್ಯಾ ಮೆಟ್ಟಿಲಲ್ಲೇ ನಿಂತು ಅಳುತ್ತಿದ್ದಳು. ಎರಡೂ ಫ್ಲಾಟ್‌ಗಳ ಓನರ್ ದುಬೈಯಿಂದ ಫೋನಿನಲ್ಲಿ, ಯಶೋದಕ್ಕನಿಗೂ ಕೇಳುವಷ್ಟು ಜೋರಾಗಿ, ನನಗೆ ಹೇಳಿಯಾಗಿತ್ತು: ಮೇಲಿನವರನ್ನು ಖಾಲಿ ಮಾಡಿಸಿ. ಮದುವೆಯಾಗಿ ಬಂದ ಮೊದಲ ಮನೆ ಅದು ಅವಳಿಗೆ. ಆ ಮಾತನ್ನು ನಾನು ಯಾವ ಬಾಯಿಂದ ಹೇಳಲಿ?

ಯಶೋದಕ್ಕ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು. ಮುಗಿಯಿತು, ಎಂದುಕೊಂಡೆ.

"ಅಳುವುದು ಎಂತಕ್ಕೆ ಮಾರಾಯ್ತಿ? ನಾನೂ ಹಾಗೇ ಕೊಡ ಇಡುವವಳೇ. ಬಾ, ಚಾ ಕುಡಿ. ಸಾಮಾನಿಗೆ ಇವರು ಇನ್ಶೂರೆನ್ಸ್ ಮಾಡಿಸಿದ್ದಾರೆ." ನನ್ನತ್ತ ತಿರುಗಿದರು. "ಓನರ್‌ಗೆ ಹೇಳಿ, ಇವರು ಹೋದರೆ ನಾನೂ ಹೋಗ್ತೇನೆ ಅಂತ."

ಹೇಳಿದೆ. "ಹಾಗಾದರೆ ಇಬ್ಬರೂ ಇರಲಿ," ಎಂದರು ಓನರ್.

ನಷ್ಟ ಅಳೆಯಲು ಇನ್ಶೂರೆನ್ಸ್‌ನ ಸರ್ವೇಯರ್ ಬಂದರು. ಮನೆ ಕೊಡುವಾಗ ಸಾಮಾನುಗಳದ್ದೆಲ್ಲ ಫೋಟೋ ತೆಗೆದಿಟ್ಟಿದ್ದೆ (ನಗಬೇಡಿ, ಅಭ್ಯಾಸ). "ಎಲ್ಲದರ ಮೂಲೆಯಲ್ಲಿ ಇದೆಂತ, ಡ್ಯಾಮೇಜಾ?" ಎಂದರು. ಫೋಟೋಗೆ ಅಡ್ಡ ಬಂದ ನನ್ನ ಹೆಬ್ಬೆರಳು! ಕ್ಲೇಮ್ ಪೂರ್ತಿ ಅಲ್ಲದಿದ್ದರೂ ಬಹುಪಾಲು ಬಂತು. ಉಳಿದದ್ದಕ್ಕೆ ದಿವ್ಯಾಳ ಗಂಡ ಬಡಗಿಯನ್ನು ಕರೆತಂದು ಕಪಾಟು ರಿಪೇರಿ ಮಾಡಿಸಿದ.

ಪಾಲಿಸಿ ಇಲ್ಲದಿದ್ದರೂ ಯಶೋದಕ್ಕ ಚಾ ಕೊಡುತ್ತಿದ್ದರೇನೋ. ಆದರೆ ಸೋಫಾ ಹೋದ ದಿನ ದೊಡ್ಡ ಮನಸ್ಸು ಮಾಡುವುದು ಯಾರಿಗೂ ಸುಲಭವಲ್ಲ. ಅದನ್ನು ಸ್ವಲ್ಪ ಸುಲಭ ಮಾಡಿದ ಆ ಕಾಗದಕ್ಕೆ ನಾನು ಕೈಮುಗಿಯುತ್ತೇನೆ. ಯಶೋದಕ್ಕನಿಗೆ, ಎರಡೂ ಕೈ ಎತ್ತಿ.

ಈಗ ಮೇಲಿನ ಮನೆಯ ಇನ್ನೊಂದು ಕೀಲಿಕೈ ಅವರ ಬಳಿ ಉಂಟು. ನೀರು ಬಂದರೆ ಅವರೇ ಹತ್ತಿ ಹೋಗಿ ದಿವ್ಯಾಳ ಕೊಡವನ್ನೂ ತುಂಬಿಸಿ, ನಲ್ಲಿ ನಿಲ್ಲಿಸಿ ಬರುತ್ತಾರೆ.

ತಮ್ಮ ಮನೆ ಮುಳುಗಿಸಿದವರ ಕೀಲಿಕೈಯನ್ನು ಕೇಳಿ ಪಡೆಯುವ ಬಾಡಿಗೆದಾರರು ಎಷ್ಟು ಮ್ಯಾನೇಜರ್‌ಗಳಿಗೆ ಸಿಕ್ಕಿದ್ದಾರೆ, ಹೇಳಿ?